ಎಡಗೈಯಲ್ಲಿ ಉಂಡವಳು

ಅಮರಮ್ಮ ಎಡಗೈಯಲ್ಲಿ ಉಣ್ಣುತ್ತಿದ್ದಳು. ಮನೆಯಲ್ಲಲ್ಲ, ಸೈಕಲ್ ಮೇಲೆ. ಮಸ್ಕಿಯಿಂದ ಲಿಂಗಸುಗೂರಿಗೆ ಹೋಗುವ ರಸ್ತೆಯಲ್ಲಿ, ಸೀರೆಗೆ ಕಚ್ಚೆ ಹಾಕಿ, ಗಂಡಸರ ಸೈಕಲ್ ಏರಿ, ಬಲಗೈಯಲ್ಲಿ ಹ್ಯಾಂಡಲ್ಲು ಹಿಡಿದು, ಎಡಗೈಯನ್ನು ಸೊಂಟದ ಸಂಚಿಗೆ ಹಾಕಿ, ಏನೋ ತೆಗೆದು ಬಾಯಿಗೆ ಒಗೆದುಕೊಂಡು ಅಗಿಯುತ್ತ ಹೋಗುತ್ತಿದ್ದಳು. ಕಣ್ಣು ಮಾತ್ರ ರಸ್ತೆಯ ಮೇಲೆ. ಹೊಲದಲ್ಲಿ ಕಳೆ ತೆಗೆಯುವವರು ಕೈಯ ಕುರ್ಚಿಗಿ ಕೆಳಗಿಟ್ಟು ಎದ್ದು ನಿಂತು ನೋಡುತ್ತಿದ್ದರು. ಎಂಬತ್ತರ ದಶಕದಲ್ಲಿ ನಮ್ಮ ಕಡೆ ಹೆಣ್ಣು ಸೈಕಲ್ ಹೊಡೆಯುವುದೇ ಒಂದು ಸುದ್ದಿ. ಹೊಡೆಯುತ್ತ ತಿನ್ನುವುದು ಇನ್ನೊಂದು ಸುದ್ದಿ. ಎಡಗೈಯಲ್ಲಿ ತಿನ್ನುವುದು ಮೂರನೆಯದು.

ಅವಳು ನನ್ನ ನಾದಿನಿ, ನಮ್ಮ ಯಜಮಾನರ ತಂಗಿ. ನಾನು ಆ ಮನೆಗೆ ಸೊಸೆಯಾಗಿ ಬಂದಾಗ ಅವಳಿಗೆ ಇನ್ನೂ ಮದುವೆಯಾಗಿರಲಿಲ್ಲ. ನಮ್ಮ ಅತ್ತೆ ಮಗಳ ಎಡಗೈ ಊಟದ ಸುದ್ದಿಯನ್ನು ಯಾರದೋ ಬಾಯಿಂದ ಕೇಳಿ ಹಣೆ ಹಣೆ ಬಡಿದುಕೊಂಡಿದ್ದು ನನಗೆ ಚೆನ್ನಾಗಿ ನೆನಪಿದೆ.

"ಎಡಗೈಲೆ ಉಂಡರ ಶಿವ ಮೆಚ್ಚತಾನೇನ ಬೇ?"

"ಯವ್ವಾ, ಎದುರಿಗೆ ಲಾರಿ ಬಂದ್ರ ಬಲಗೈ ಬ್ರೇಕಿಗೆ ಬೇಕು. ಶಿವ ಆಮೇಲೆ ಮೆಚ್ಚಲಿ. ಮೊದಲ ಲಾರಿ ಡ್ರೈವರ್ ಮೆಚ್ಚಲಿ."

ಅವಳ ಮಾತೇ ಹಾಗೆ. ಉದ್ದನೆಯ ಹೆಣ್ಣು, ಕಪ್ಪು, ಗಂಡಸರ ಚಪ್ಪಲಿಯೇ ಸರಿಹೋಗುವಂಥ ಪಾದ. ಬೆಳಿಗ್ಗೆ ಮನೆ ಬಿಡುವಾಗ ಹಣೆ ತುಂಬ ವಿಭೂತಿ ಇರುತ್ತಿತ್ತು, ಸಂಜೆ ಬರುವಾಗ ಬೆವರಿನಲ್ಲಿ ಅಳಿಸಿ ಹುಬ್ಬಿನ ಮೇಲೆ ಎರಡು ಬಿಳಿ ಗೆರೆ ಮಾತ್ರ ಉಳಿದಿರುತ್ತಿದ್ದವು. ಯಾರು ಏನು ದೂರು ಹೇಳಿದರೂ ಪೂರ್ತಿ ಕೇಳಿ, "ಆತಲ್ಲ, ಮುಂದ?" ಅನ್ನುತ್ತಿದ್ದಳು. ದೂರು ಹೇಳುವವರಿಗೆ ಮುಂದಿನದು ಬೇಕಾಗಿರುವುದಿಲ್ಲ.

ಸೈಕಲ್ ಶುರುವಾಗಿದ್ದು ಬಸ್ಸಿನಿಂದ. ಹೊಲಿಗೆ ಕಲಿತವಳು, ಕೈ ಚುರುಕು. ಲಿಂಗಸುಗೂರಿನಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವ ಕೆಲಸ ಸಿಕ್ಕಿತ್ತು. ವಾರದಲ್ಲಿ ಮೂರು ದಿನ ಅಲ್ಲಿ, ಶುಕ್ರವಾರ ಸಿಂಧನೂರಿನಲ್ಲಿ. ನಮ್ಮ ಮಸ್ಕಿ ಎರಡಕ್ಕೂ ನಡುವೆ. ಮೊದಮೊದಲು ಬಸ್ಸಿಗೆ ಹೋಗುತ್ತಿದ್ದಳು. ಒಂದು ದಿನ ಬಸ್ಸು ಕಿಕ್ಕಿರಿದಿತ್ತು, ನಿಂತಿದ್ದಳು. ಹಿಂದೆ ನಿಂತವನು ಕೈ ಹಚ್ಚಿದ. ಇವಳು ಚೀಲದಲ್ಲಿದ್ದ ಕತ್ತರಿ ತೆಗೆದು ಆ ಕೈಗೆ ಚುಚ್ಚಿದಳು. ಅವನು ಅರಚಿದ, ಬಸ್ಸು ನಿಂತಿತು. ಕಂಡಕ್ಟರ್ ಚುಚ್ಚಿದವಳನ್ನು ಕೆಳಗಿಳಿಸಿದ, ಚುಚ್ಚಿಸಿಕೊಂಡವನಿಗೆ ಸೀಟು ಕೊಡಿಸಿದ. ಬಸ್ಸಿನ ತುಂಬ ನಮ್ಮೂರ ಜನ. ಒಬ್ಬರೂ ತುಟಿ ಬಿಚ್ಚಲಿಲ್ಲ.

ಅವಳು ಉಳಿದ ದಾರಿ ನಡೆದೇ ಹೋಗಿ ಪಾಠ ಹೇಳಿ, ಸಂಜೆ ಯಾರದೋ ಎತ್ತಿನ ಗಾಡಿಯಲ್ಲಿ ಮನೆಗೆ ಬಂದಳು. ಬಂದವಳೇ ಅಣ್ಣನ ಮುಂದೆ ನಿಂತಳು.

"ಅಣ್ಣಾ, ನಿನ್ನ ಸೈಕಲ್ ನಾ ತಗೋತೀನಿ."

"ನಾ ಹೊಲಕ್ಕ ಹೆಂಗ ಹೋಗಲಿಬೇ?"

"ಹೊಲ ಊರ ಬಾಜೂಕ ಐತಿ, ನಡಿ. ಲಿಂಗಸುಗೂರು ಊರ ಬಾಜೂಕ ಇಲ್ಲ. ಆ ಬಸ್ಸಿನ ಮೆಟ್ಟಿಲ ಮ್ಯಾಲೆ ಇನ್ನ ಕಾಲಿಡಂಗಿಲ್ಲ ನಾ."

ಚಿಕ್ಕವಳಿದ್ದಾಗ ಸೈಕಲ್ಲಿನ ಕಂಬಿಯ ಕೆಳಗೆ ಕಾಲು ತೂರಿಸಿ ಕಲಿತಿದ್ದಳಂತೆ. ಈಗ ಕಾಲು ಉದ್ದ ಆಗಿದ್ದವು, ಮೇಲೆ ಹತ್ತಿದಳು. ನಮ್ಮ ಮನೆಯವರು ತಂಗಿಯ ಸಿಟ್ಟು ನಾಲ್ಕು ದಿನ ಇರುತ್ತದೆ ಅಂದುಕೊಂಡು ಕೊಟ್ಟರು. ಅವರಿಗೆ ಆ ಸೈಕಲ್ ಮತ್ತೆ ಸಿಗಲಿಲ್ಲ.

ಊಟದ ಜವಾಬ್ದಾರಿ ನನ್ನ ತಲೆಗೆ ಬಂತು. ಮೊದಲ ದಿನ ಜೋಳದ ರೊಟ್ಟಿ, ಪುಂಡಿಪಲ್ಯ ಬಟ್ಟೆಯಲ್ಲಿ ಕಟ್ಟಿಕೊಟ್ಟೆ. ಪಲ್ಯದ ರಸ ಸೋರಿ ಸೀರೆಯೆಲ್ಲ ಕಲೆ. ಅದಿರಲಿ, ಅರ್ಧ ದಾರಿಯಲ್ಲಿ ಮರದ ಕೆಳಗೆ ಕೂತು ಹೊಟ್ಟೆ ತುಂಬ ಉಂಡವಳು ಅಲ್ಲೇ ನಿದ್ದೆ ಹೋಗಿದ್ದಳು. "ಅತ್ತಿಗಿ, ನಿನ್ನ ರೊಟ್ಟಿ ನನ್ನ ಮಲಗಿಸ್ತು ನೋಡು. ಕಲಿಯೋ ಹುಡುಗೇರು ಮಷೀನ್ ಮುಂದ ಕುಂತು ನನ್ನ ದಾರಿ ಕಾಯಾಕತ್ತಿದ್ರು." ಮಂಡಾಳು, ಅದೇ ಮಂಡಕ್ಕಿ, ಒಗ್ಗರಣೆ ಹಾಕಿ ಕೊಟ್ಟೆ. ತಿಂದಾಗ ಹೊಟ್ಟೆ ತುಂಬುತ್ತಿತ್ತು, ದಾರಿಯ ದಿಬ್ಬ ಏರುವಷ್ಟರಲ್ಲಿ ಖಾಲಿ. ಮೊಸರನ್ನ ಬಿಸಿಲಿಗೆ ಹುಳಿ ಬಂದು ಡಬ್ಬಿ ಮುಚ್ಚಳವನ್ನೇ ಎತ್ತಿಬಿಟ್ಟಿತು. ಅಂಗಡಿ ಬಿಸ್ಕೀಟು ಕೊಟ್ಟೆ. ಆ ರಸ್ತೆಯ ಗುಂಡಿಗಳಿಗೆ ಅದು ಮನೆ ಬಿಟ್ಟ ಸ್ವಲ್ಪ ಹೊತ್ತಿಗೇ ಹಿಟ್ಟಾಗಿತ್ತು.

ಒಂದು ಸಂಜೆ ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು ಕಾಲು ತಿಕ್ಕಿಕೊಳ್ಳುತ್ತ ತನಗೇನು ಬೇಕೋ ಹೇಳಿದಳು.

"ಅತ್ತಿಗಿ, ಇಳದು ಉಣ್ಣೋ ಊಟ ನನಗ ಬ್ಯಾಡ. ಇಳದೆ ಅಂದ್ರ ಮುಗೀತು. ಒಬ್ಬಾವ ಬರ್ತಾನ, ಯಾವೂರವ್ವ ಅಂತಾನ. ಇನ್ನೊಬ್ಬಾವ ಬರ್ತಾನ, ಗಂಡ ಎಲ್ಲಿ ಅಂತಾನ. ಮತ್ತೊಬ್ಬಾವ ಏನೂ ಅನ್ನಂಗಿಲ್ಲ, ಸುಮ್ಮನ ನೋಡಕೋತ ನಿಂದರ್ತಾನ. ಗಾಲಿ ತಿರಗಾಕತ್ತಿರಬೇಕು, ಬಾಯಿ ಆಡಾಕತ್ತಿರಬೇಕು. ಒಂದ ಕೈಲೆ ತಿನ್ನಂಗ ಏನಾರ ಮಾಡು."

ಆಗ ನಾನು ಚೊಚ್ಚಲ ಹೆರಿಗೆ ಮುಗಿಸಿ, ಕೂಸು ಎತ್ತಿಕೊಂಡು ತವರಿನಿಂದ ಬಂದ ಹೊಸತು. ನಮ್ಮವ್ವ ಡಬ್ಬಿ ತುಂಬ ಅಂಟಿನ ಉಂಡಿ ಕಟ್ಟಿ ಕಳಿಸಿದ್ದಳು. ಅಂಟನ್ನು ತುಪ್ಪದಲ್ಲಿ ಹುರಿದು, ಒಣಕೊಬ್ಬರಿ, ಉತ್ತತ್ತಿ, ಗಸಗಸಿ, ಅಳವಿಬೀಜ ಹಾಕಿ, ಬೆಲ್ಲದ ಪಾಕದಲ್ಲಿ ಕಟ್ಟುವ ಉಂಡಿ. ಹಡೆದವಳ ನಡು ಗಟ್ಟಿಯಾಗಲಿ, ಎದೆಯಲ್ಲಿ ಹಾಲು ಬರಲಿ ಅಂತ ಮಾಡುವಂಥದ್ದು. ನಮ್ಮ ಓಣಿಯಲ್ಲಿ ಅದನ್ನು ಬಾಣಂತಿಗೆ ಬಿಟ್ಟು ಬೇರೆ ಯಾರಿಗೂ ಮಾಡುತ್ತಿರಲಿಲ್ಲ. ಹೇಳದೆ ಕೇಳದೆ ಅಮರಮ್ಮ ಅದರಲ್ಲಿ ಎರಡು ಎತ್ತಿಕೊಂಡು ಹೋದಳು. ಸಂಜೆ ಬಂದವಳು ಸೈಕಲ್ ಗೋಡೆಗೆ ಆನಿಸುವ ಮೊದಲೇ ಕೂಗಿದಳು.

"ಅತ್ತಿಗಿ! ಸಿಕ್ತು! ದಿಬ್ಬ ಇಳಿಜಾರು ಆಗಿತ್ತು ಇವತ್ತ!"

ನಾನು ಬೈದೆ, ನನ್ನ ಉಂಡಿ ಅವು. ಬೈದು ಮುಗಿದ ಮೇಲೆ ಯೋಚನೆ ಮಾಡಿದೆ. ಹಡೆದವಳ ಮೈಗೆ ಕಸುವು ಕೊಡುವುದು ಸೈಕಲ್ ತುಳಿಯುವವಳಿಗೆ ಕೊಡಬಾರದು ಅಂತ ಏನಿದೆ? ಎರಡೂ ನಡುವಿನ ಕೆಲಸವೇ. ಡಬ್ಬಿ ಖಾಲಿಯಾದ ಮೇಲೆ ಅವಳಿಗಾಗಿಯೇ ಮಾಡಲು ಶುರುಮಾಡಿದೆ. ತುಪ್ಪ ಜಾಸ್ತಿಯಾದರೆ ಬಿಸಿಲಿಗೆ ಕರಗಿ ಸಂಚಿ ಜಿಡ್ಡಾಗುತ್ತದೆ ಅಂತ ಕಡಿಮೆ ಮಾಡಿ, ಹುರಿಗಡಲೆಯ ಪುಟಾಣಿ ಹಿಟ್ಟು, ಹುರಿದ ಎಳ್ಳು ಸೇರಿಸಿದೆ. ಪಾಕ ಗಟ್ಟಿಯಾದ ದಿನ ಅವಳು ಬಂದು ಉಂಡಿಯನ್ನು ನೆಲಕ್ಕೆ ಕುಟ್ಟಿ ತೋರಿಸಿದಳು. "ಇದು ನನಗ ತಿನ್ನಾಕ ಕೊಟ್ಟಿಯೋ, ನಾಯಿಗೆ ಒಗೀಲಿಕ್ಕೆ ಕೊಟ್ಟಿಯೋ?" ಗಾತ್ರ ಸಣ್ಣದು ಮಾಡಿಸಿದಳು, ಒಂದೇ ಬಾಯಿಗೆ ಹಿಡಿಸುವಷ್ಟು. ಆಮೇಲೆ ಉಪ್ಪು ಹಾಕು ಅಂದಳು.

ನಮ್ಮ ಅತ್ತೆ ಪಡಸಾಲೆಯಿಂದಲೇ ಹೌಹಾರಿದರು. "ಉಂಡಿಗೆ ಉಪ್ಪಾ? ಯಾವ ಊರಾಗ ಹಾಕ್ತಾರಬೇ?"

"ಬೆವರಿನಾಗ ಉಪ್ಪು ಹೋಗ್ತೈತಿ ಯವ್ವಾ. ನೆಕ್ಕಿ ನೋಡು ಬೇಕಾದ್ರ." ಅಂತ ಮುಂಗೈ ಚಾಚಿದಳು. ಅತ್ತೆ ಮುಖ ತಿರುಗಿಸಿಕೊಂಡರು. ನಾನು ಉಪ್ಪು ಹಾಕಿದೆ. ಚೆನ್ನಾಗಿಯೇ ಇತ್ತು.

ಸಂಚಿ ಅವಳೇ ಹೊಲಿದುಕೊಂಡಿದ್ದಳು. ಮುದುಕಿಯರು ಎಲೆಅಡಿಕೆ ಇಟ್ಟುಕೊಳ್ಳುವ ಸಂಚಿಯ ಹಾಗೆಯೇ, ಆದರೆ ಒಳಗೆ ಖಾನೆಗಳು ಜಾಸ್ತಿ. ಒಂದರಲ್ಲಿ ಉಂಡಿ. ಒಂದರಲ್ಲಿ ಎಳ್ಳು ಹಚ್ಚಿದ ಕಡಕ್ ಸಜ್ಜಿರೊಟ್ಟಿಯ ಚೂರು, ಸಿಹಿ ತಿಂದು ಬಾಯಿ ಕಟ್ಟಿದಾಗ ಜಗಿಯಲು. ಇನ್ನೊಂದರಲ್ಲಿ ಹುಣಸೆಹಣ್ಣಿನ ಗೋಲಿ. ಹ್ಯಾಂಡಲ್ಲಿಗೆ ನೇತುಹಾಕಿದ ಬಾಟಲಿಯಲ್ಲಿ ನೀರುಮಜ್ಜಿಗೆ. ಶುಕ್ರವಾರದ ಸಿಂಧನೂರು ಕ್ಲಾಸಿಗೆ ಬಂಗಾಲಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಹುಡುಗಿಯೊಬ್ಬಳು ಬರುತ್ತಿದ್ದಳು. ಅವಳು ಮಂಡಾಳನ್ನು ಬೆಲ್ಲದ ಪಾಕದಲ್ಲಿ ಕಟ್ಟಿದ ಉಂಡಿ ತಂದುಕೊಟ್ಟಳಂತೆ. ಅದನ್ನೂ ಮಾಡಿ ನೋಡಿದೆವು. ಚಳಿಗಾಲಕ್ಕೆ ಒಳ್ಳೆಯದು. ಮಳೆಗಾಲದಲ್ಲಿ ಮೆತ್ತಗಾಗಿ ಹತ್ತಿಯ ಹಾಗೆ ಆಗುತ್ತದೆ.

ಹೀಗೆ ಎರಡು ವರ್ಷ ನಡೆಯಿತು. ಅಷ್ಟರಲ್ಲಿ ಸಾಲಗುಂದದ ಕಡೆಯಿಂದ ಅವಳಿಗೆ ಸಂಬಂಧ ಬಂತು. ಕಾಲುವೆ ನೀರಿನ ಹೊಲ, ಭತ್ತ ಬೆಳೆಯುವ ಮನೆ. ಹುಡುಗನ ತಾಯಿ, ಸೋದರಮಾವ ಬಂದು ನೋಡಿದರು, ಒಪ್ಪಿದರು. "ಮದುವಿ ಆದ ಮ್ಯಾಲೆ ಸೈಕಲ್ ಬಿಡಬೇಕವ್ವ" ಅಂದರು. ಅಮರಮ್ಮ "ನೋಡೂಣ್ರಿ" ಅಂದಳು. ಅವರು ಅದನ್ನು ಹೂಂ ಅಂತ ತಿಳಿದುಕೊಂಡರು. ನಿಶ್ಚಯಕ್ಕೆ ದಿನ ನೋಡುವುದೊಂದು ಬಾಕಿ ಇತ್ತು.

ಆ ನಡುವೆ ಒಂದು ಮಧ್ಯಾಹ್ನ ಲಿಂಗಸುಗೂರು ದಾರಿಯಲ್ಲಿ ಇವಳ ಸೈಕಲ್ಲಿನ ಚೈನು ಕಳಚಿತು. ಇಳಿದು, ಚೈನು ಹಾಕಿ, ರಸ್ತೆ ಪಕ್ಕದ ಬೋರಿಂಗ್ ಪಂಪಿನಲ್ಲಿ ಕೈ ತೊಳೆಯುತ್ತಿರುವಾಗ ಟ್ರ್ಯಾಕ್ಟರ್ ಒಂದು ಬಂದು ನಿಂತಿತು. ಇಳಿದವಳು ಹುಡುಗನ ತಾಯಿ, ಸಾಲಗುಂದದ ಬೀಗತಿ ಆಗಬೇಕಾದವಳು. ನೀರು ಕುಡಿಯಲು ಬಂದಿದ್ದಳು. ಹಿರಿಯಳು, ಬಿಸಿಲಲ್ಲಿ ಬಂದಿದ್ದಾಳೆ, ಬರಿ ನೀರು ಕುಡಿಸುವುದು ಹೇಗೆ ಅಂತ ಅಮರಮ್ಮ ಸಂಚಿ ಬಿಚ್ಚಿ ಒಂದು ಉಂಡಿ ಕೊಟ್ಟಳು.

ಬೀಗತಿ ಬಾಯಿಗೆ ಹಾಕಿಕೊಂಡಳು. ಅಗಿಯುತ್ತ ಅಗಿಯುತ್ತ ನಿಧಾನವಾದಳಂತೆ. ಅಂಟು, ಉತ್ತತ್ತಿ, ಅಳವಿ. ನಾಲ್ಕು ಹಡೆದವಳ ನಾಲಿಗೆ ಅದು, ತಿಳಿಯದೇ ಇರುತ್ತದೆಯೇ?

"ಮನ್ಯಾಗ ಯಾರು ಹಡದಾರವ್ವ?"

"ಯಾರೂ ಹಡದಿಲ್ರಿ."

"ಮತ್ತ ಈ ಉಂಡಿ ಯಾರಿಗಿ?"

"ನನಗ್ರಿ" ಅಂದಳು ನಮ್ಮ ಅಮರಮ್ಮ. ಇದ್ದದ್ದು ಇದ್ದ ಹಾಗೆ.

ಅಷ್ಟೇ ಆಗಿದ್ದು. ಅದಕ್ಕಿಂತ ಒಂದು ಅಕ್ಷರ ಹೆಚ್ಚಿಲ್ಲ. ಆದರೆ ಒಂದು ವಾರದೊಳಗೆ ಆ ಮಾತು ಸಾಲಗುಂದ ಮುಟ್ಟಿ, ಬಳಗಾನೂರು ಸುತ್ತಿ, ನಮ್ಮ ಓಣಿಯ ಬಸಮ್ಮನ ಕಟ್ಟೆಗೆ ಬರುವ ಹೊತ್ತಿಗೆ ಅದಕ್ಕೆ ಕೈಕಾಲು ಮೂಡಿದ್ದವು. ಮದುವೆಯಾಗದ ಹೆಣ್ಣು ಬಾಣಂತಿ ಉಂಡಿ ತಿನ್ನುತ್ತಾಳೆ. ತಾನೇ ಒಪ್ಪಿಕೊಂಡಿದ್ದಾಳೆ. ವಾರಕ್ಕೆ ಮೂರು ಸಲ ಲಿಂಗಸುಗೂರಿಗೆ ಯಾಕೆ ಹೋಗುತ್ತಾಳೆ? ಹೊಲಿಗೆಯೂ ಇಲ್ಲ, ಏನೂ ಇಲ್ಲ. ಕೂಸು ಇದೆ ಅಲ್ಲಿ. ಹಾಲು ಕುಡಿಸಲು ಹೋಗುತ್ತಾಳೆ. ಬಸ್ಸು ಬಿಟ್ಟಿದ್ದೂ ಅದಕ್ಕೇ, ಯಾರೂ ನೋಡಬಾರದು ಅಂತ.

ಬಸ್ಸಿನಿಂದ ಅವಳನ್ನು ಇಳಿಸಿದ ದಿನ ತುಟಿ ಬಿಚ್ಚದ ಊರಿಗೆ ಈಗ ಇದ್ದಕ್ಕಿದ್ದ ಹಾಗೆ ಬಾಯಿ ಬಂದಿತ್ತು.

ಸಾಲಗುಂದದವರು ಮತ್ತೆ ಬಂದರು. ಹುಡುಗನ ತಾಯಿ, ಸೋದರಮಾವ, ಜೊತೆಗೆ ಸಂಬಂಧ ತಂದಿದ್ದ ನಮ್ಮೂರ ಚನ್ನಪ್ಪ ಕಾಕಾ. ಪಡಸಾಲೆಯಲ್ಲಿ ಕೂತರು. ಚಹಾ ಕೊಟ್ಟೆ, ಮುಟ್ಟಲಿಲ್ಲ. ಸೋದರಮಾವ ಗಂಟಲು ಸರಿಮಾಡಿಕೊಂಡ.

"ನೋಡ್ರಿ, ನಮಗ ಸಂಬಂಧ ಬಿಡಬೇಕಂತ ಇಲ್ಲ. ಒಂದು ಮಾತು ಬಂದೈತಿ. ಲಿಂಗಸುಗೂರಾಗ ಲೇಡಿ ಡಾಕ್ಟರ್ ಅದಾರ. ಹುಡುಗೀನ ಒಂದಪಾ ತೋರಿಸ್ರಿ. ಏನೂ ಇಲ್ಲ ಅಂತ ಅವರು ಅಂದ್ರ ಮುಂದಿನ ವಾರನ ನಿಶ್ಚಯ ಮಾಡೂಣು."

ನಮ್ಮ ಮನೆಯವರು ನೆಲ ನೋಡಿದರು. ಅತ್ತೆ ಸೆರಗು ಬಾಯಿಗೆ ಹಚ್ಚಿದರು. ಚನ್ನಪ್ಪ ಕಾಕಾ ಎಲ್ಲರ ಪರವಾಗಿ ತಲೆ ಅಲ್ಲಾಡಿಸಿದ. "ಒಂದು ತಪಾಸಕ್ಕ ಇಜ್ಜತ್ ಉಳಿತೈತಂದ್ರ ಯಾಕ ಬ್ಯಾಡ ಅನ್ನಬೇಕು? ಹೌದಿಲ್ಲೋ?"

ಅಮರಮ್ಮ ಒಳಗೆ ಮಷೀನಿನ ಮುಂದೆ ಇದ್ದಳು. ಮಷೀನಿನ ಸದ್ದು ನಿಂತಿತು. ಹೊರಗೆ ಬಂದಳು. ಕೊರಳಲ್ಲಿ ಅಳತೆ ಟೇಪು ಇನ್ನೂ ನೇತಾಡುತ್ತಿತ್ತು.

"ಮಾತು ಯಾರ ಬಾಯಾಗ ಬಂದೈತ್ರಿ?"

"ಊರ ಬಾಯಾಗ ಬಂದೈತವ್ವ."

"ಹಂಗಾದ್ರ ಊರ ಬಾಯಿ ತಪಾಸ ಮಾಡಸ್ರಿ. ನನ್ನ ಹೊಟ್ಟಿ ಯಾಕ?"

"ಹೇ, ಹಂಗಲ್ಲ. ಖರೆ ಇದ್ದಾಕಿಗಿ ಅಂಜಿಕಿ ಯಾಕ?" ಅಂದಳು ಹುಡುಗನ ತಾಯಿ.

"ಅಂಜಿಕಿ ಅಲ್ರಿ. ನಿಮ್ಮ ಮಗ ವಾರದಾಗ ನಾಕ ಸಲ ಸಿಂಧನೂರಿಗೆ ಸಿನಿಮಾ ನೋಡಾಕ ಹೊಕ್ಕಾನ. ಅವಗ ಅಲ್ಲಿ ಎಷ್ಟು ಕೂಸು ಅದಾವ ಅಂತ ನಾವು ಕೇಳಿವೇನು? ಅವನ್ನೂ ಡಾಕ್ಟರ್ ಕಡೆ ಕರಕೊಂಡು ಬರ್ರಿ, ಇಬ್ಬರೂ ಕೂಡೇ ತೋರಿಸಿಕೊಂಡು ಬರ್ತೀವಿ."

ಸೋದರಮಾವ ಎದ್ದು ನಿಂತ. ನಮ್ಮ ಮನೆಯವರು ತಂಗಿಯ ಕಡೆ ಕಣ್ಣು ಬಿಟ್ಟರು. "ಅಮರೀ, ಒಳಗ ಹೋಗು."

"ಹೊಕ್ಕೀನಿ. ಒಂದು ಮಾತು ಹೇಳಿ ಹೊಕ್ಕೀನಿ. ಕಾಲು ತುಳೀತಾವ, ತುಳಿಯೋ ಕಾಲಿಗೆ ಉಂಡಿ ತಿಂತೀನಿ. ನಂಬಿದ್ರ ನಂಬ್ರಿ, ಬಿಟ್ಟರ ಬಿಡ್ರಿ. ಡಾಕ್ಟರ್ ಕಡೆ ನಾ ಬಿಲ್‌ಕುಲ್ ಬರಂಗಿಲ್ಲ. ಇವತ್ತ ಬಂದೆ ಅಂದ್ರ, ನಾಳೆ ನಿಮ್ಮ ಮನ್ಯಾಗ ಹುಳಿ ತಿಂದ್ರ ತಪಾಸ, ನಾಡದ ವಾಂತಿ ಆದ್ರ ತಪಾಸ."

ಅವರು ಹೋದರು. ಸಂಬಂಧ ಮುರಿಯಿತು. ಡಾಕ್ಟರ ಹತ್ತಿರ ಹೋಗಲಿಲ್ಲ ಅಂದ ಮೇಲೆ ಕೂಸು ಇರುವುದು ಗ್ಯಾರಂಟಿ ಅಂತ ಊರೂ ತೀರ್ಮಾನ ಮಾಡಿತು. ನಮ್ಮ ಮನೆಯವರು ಹಿತ್ತಲಿಗೆ ಹೋಗಿ ಸೈಕಲ್ಲನ್ನು ಎತ್ತಿನ ಸರಪಳಿಯಿಂದ ಕಂಬಕ್ಕೆ ಬಿಗಿದು, ಬೀಗ ಜಡಿದು, ಕೀಲಿ ಅಂಗಿಯ ಜೇಬಿಗೆ ಹಾಕಿಕೊಂಡರು. "ಸೈಕಲ್ ಸಾಕು, ಹೊಲಿಗಿ ಸಾಕು. ಮನ್ಯಾಗ ಬಿದ್ದಿರು" ಅಂದರು.

"ಆತಲ್ಲ, ಮುಂದ?" ಅಂದಳು ಅಮರಮ್ಮ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಎದ್ದು, ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಸಂಚಿ ಸೊಂಟಕ್ಕೆ ಸಿಕ್ಕಿಸಿ ಲಿಂಗಸುಗೂರಿಗೆ ನಡೆದೇ ಹೊರಟಳು. ಡಬ್ಬಿಯಲ್ಲಿ ನೋಡಿದೆ, ಉಳಿದಿದ್ದ ನಾಲ್ಕೇ ನಾಲ್ಕು ಉಂಡಿಗಳನ್ನು ಒಯ್ದಿದ್ದಳು. ಬಾಗಿಲಲ್ಲಿ ನಿಂತು ನೋಡಿದೆ. ತಿರುಗಿ ನೋಡಲಿಲ್ಲ. ನೆಟ್ಟಗೆ ಹೋದಳು.

ನನಗೆ ಸಿಟ್ಟು ಬಂತು. ಊರಿನ ಮೇಲೆ ಬಂತೋ, ಗಂಡನ ಮೇಲೆ ಬಂತೋ, ಬೇರೆ ಬೇರೆ ಮಾಡಿ ನೋಡಲು ಪುರುಸೊತ್ತಿರಲಿಲ್ಲ. ಅಲ್ಲಿಯವರೆಗೆ ಉಂಡಿ ಮಾಡುವಾಗ ಅತ್ತೆ ಬಾಗಿಲು ಹಾಕಿಸುತ್ತಿದ್ದರು. ತುಪ್ಪದಲ್ಲಿ ಅಂಟು ಅರಳುವ ವಾಸನೆ ಬಂದರೆ ಓಣಿಯವರು ಇವರ ಮನೆಯಲ್ಲಿ ಯಾರು ಹಡೆದರು ಅಂತ ಕೇಳುತ್ತಾರೆ ಅಂತ. ಆ ದಿನ ನಾನು ಮೂರು ಕಲ್ಲು ಎತ್ತಿಕೊಂಡು ಹೋಗಿ ಮನೆಯ ಮುಂದೆ, ರಸ್ತೆಗೆ ಕಾಣುವ ಹಾಗೆ ಒಲೆ ಹೂಡಿದೆ. ಬೋಗುಣಿ ಇಟ್ಟೆ, ತುಪ್ಪ ಸುರಿದೆ, ಅಂಟು ಹಾಕಿದೆ. ಅಂಟು ಮಲ್ಲಿಗೆಯ ಹಾಗೆ ಅರಳಿ, ಘಮ ಓಣಿಯ ಆ ತುದಿಗೆ ಹೋಗಿ ಬಾಗಿಲು ಬಾಗಿಲು ತಟ್ಟಿತು.

ಮೊದಲು ಬಂದವಳು ಬಸಮ್ಮ. ಅವಳು ಬರದಿದ್ದರೆ ನನಗೆ ಬೇಜಾರಾಗುತ್ತಿತ್ತು.

"ಯಾರು ಹಡದಾರಬೇ?"

"ನಮ್ಮ ಸೈಕಲ್ ಹಡದೈತಿ" ಅಂದೆ.

"ಚಾಷ್ಟಿ ಮಾಡ್ತಿಯೇನು?"

"ಚಾಷ್ಟಿ ಯಾಕ ಮಾಡಲಿ? ಹೋಗಿ ನೋಡು, ಹಿತ್ತಲದಾಗ ಸರಪಳಿ ಹಾಕಿ ಕಟ್ಟಿ ಹಾಕ್ಯಾರ. ಗಂಡೋ ಹೆಣ್ಣೋ ಗೊತ್ತಿಲ್ಲ. ನೀ ನೋಡಿ ಹೇಳು, ನಿನಗ ಎಲ್ಲಾ ಗೊತ್ತಾಗತೈತಲ್ಲ."

ಹೆಂಗಸರು ಸೇರಿದರು. ನಗುವವರು ನಕ್ಕರು, ಥೂ ಅನ್ನುವವರು ಥೂ ಅಂದರು. ನಾನು ಹುರಿಯುತ್ತಲೇ ಇದ್ದೆ. ಅಷ್ಟರಲ್ಲಿ ನಮ್ಮ ಮನೆಯವರು ಹೊಲದಿಂದ ಬಂದರು. ಮನೆಯ ಮುಂದೆ ಸಂತೆ ನೆರೆದಂತೆ ಜನ. ಅವರ ಮುಖ ಕಪ್ಪಿಟ್ಟಿತು.

"ಒಳಗ ಒಯ್ಯಿ ಅದನ್ನ."

"ಕೀಲಿ ಕೊಡ್ರಿ, ಒಯ್ತೀನಿ. ಇಲ್ಲಂದ್ರ ನಾಳೆ ಇಲ್ಲೇ, ನಾಡದನೂ ಇಲ್ಲೇ. ಅಂಟು ಮುಗಿದ್ರ ಸಿಂಧನೂರಿಂದ ತರಿಸ್ತೀನಿ."

"ನಿನಗೂ ತಲಿ ಕೆಟ್ಟೈತೇನು?"

ನಾನು ಉತ್ತರ ಕೊಡುವ ಮೊದಲೇ ಬಾಗಿಲಲ್ಲಿ ಅತ್ತೆ ಕಾಣಿಸಿಕೊಂಡರು. ಇನ್ನು ಇವರದೊಂದು ಬೈಗುಳ ಬಾಕಿ ಇತ್ತು ಅಂದುಕೊಂಡೆ. ಅವರು ಯಾರ ಮುಖವನ್ನೂ ನೋಡದೆ ಬಂದು, ಸೀರೆ ಒಟ್ಟುಮಾಡಿಕೊಂಡು ನನ್ನ ಎದುರಿಗೆ ಕೂತು, ಕೈಗೆ ತುಪ್ಪ ಸವರಿಕೊಂಡರು.

"ಉಪ್ಪು ಹಾಕಿದಿಯೇನು?" ಅಂತ ಕೇಳಿದರು.

"ಇನ್ನಾ ಇಲ್ರಿ ಅತ್ತಿ."

"ಹಾಕು. ಆಕಿ ನಡಕೊಂಡು ಹೋಗ್ಯಾಳ. ಬೆವರು ಭಾಳ ಹೋಗಿರ್ತೈತಿ."

ನಮ್ಮ ಮನೆಯವರು ಜೇಬಿನಿಂದ ಕೀಲಿ ತೆಗೆದರು. ಆಮೇಲೆ ಹಿತ್ತಲಿಗೆ ಹೋದರು. ಸರಪಳಿಯ ಸದ್ದು ಕೇಳಿತು. ಸೈಕಲ್ ಹೊರಗೆ ತಂದು, ಆಗತಾನೆ ಕಟ್ಟಿದ ಉಂಡಿಗಳನ್ನು ಟವೆಲ್ಲಿನಲ್ಲಿ ಗಂಟು ಕಟ್ಟಿಕೊಂಡು ಲಿಂಗಸುಗೂರಿನ ಕಡೆ ಹೊಡೆದರು. ಸಂಜೆ ಅವರು ಬಸ್ಸಿನಲ್ಲಿ ಬಂದರು. ಅದಾದ ಮೇಲೆ ಅಮರಮ್ಮ ಸೈಕಲ್ ಮೇಲೆ ಬಂದಳು. ಏನು ಮಾತಾಡಿದಿರಿ ಅಂತ ಇಬ್ಬರನ್ನೂ ಬೇರೆ ಬೇರೆ ಕೇಳಿದೆ. ಅವರು ಹೇಳಲಿಲ್ಲ. ಅಮರಮ್ಮ ಹೇಳಿದಳು: "ಅಣ್ಣ ಏನೂ ಮಾತಾಡಲಿಲ್ಲ ಅತ್ತಿಗಿ. ಕ್ಲಾಸಿನ ಬಾಗಿಲ ಮುಂದ ಸೈಕಲ್ ನಿಂದ್ರಿಸಿ, ಗಂಟು ಕೊಟ್ಟ. ಅದರಾಗ ತಾನ ಒಂದು ಉಂಡಿ ತಗೊಂಡು, ಹುಡುಗೇರ ಮುಂದನ ತಿಂದ. ಹೋದ."

ಇಷ್ಟಾದ ಮೇಲೆ ಊರಿನ ಬಾಯಿ ಮುಚ್ಚಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಮುಚ್ಚಲಿಲ್ಲ. ಅಮರಮ್ಮ ಸೈಕಲ್ ಹೊಡೆದಳು, ಉಂಡಿ ತಿಂದಳು, ಊರು ಮಾತಾಡಿತು. ಮೂರೂ ಒಟ್ಟಿಗೇ ನಡೆದವು. ಆ ಇಲ್ಲದ ಕೂಸು ಬಸಮ್ಮನ ಬಾಯಲ್ಲಿ ವರ್ಷ ವರ್ಷ ಬೆಳೆಯಿತು. ಒಂದು ವರ್ಷ ಹಲ್ಲು ಬಂದವು, ಒಂದು ವರ್ಷ ಬಾಲವಾಡಿಗೆ ಹೋಯಿತು. ಗಂಡು ಕೂಸಂತೆ. ಆಮೇಲೆ ಮೂರನೆಯ ಇಯತ್ತೆಯಂತೆ, ಲೆಕ್ಕದಲ್ಲಿ ಹುಷಾರಂತೆ. ಅಮರಮ್ಮ ಇದನ್ನು ಕೇಳಿ, "ಹುಷಾರ್ ಅದಾನಲ್ಲ, ಬಿಡು. ದಡ್ಡ ಆಗಿದ್ರ ಫಿಕರ್ ಆಗತಿತ್ತು" ಅಂದು ಬಟ್ಟೆ ಕತ್ತರಿಸುತ್ತಿದ್ದಳು. ನಗುತ್ತಿದ್ದಳೋ ಇಲ್ಲವೋ ಮುಖ ನೋಡಿ ಹೇಳಲು ಆಗುತ್ತಿರಲಿಲ್ಲ.

ಬೇರೆ ಸಂಬಂಧಗಳು ಬಂದವು. ಬಂದವರೆಲ್ಲ ಯಾವುದೋ ಒಂದು ದಾರಿಯಲ್ಲಿ ಅದೇ ಮಾತಿಗೆ ಬರುತ್ತಿದ್ದರು. ಡಾಕ್ಟರ ಹೆಸರು ಎತ್ತದೆ, ಸುತ್ತುಬಳಸಿ. ಇವಳು ಎಲ್ಲರಿಗೂ ಒಂದೇ ಉತ್ತರ ಕೊಟ್ಟಳು. ಒಂದು ಮಾತು ಬಿಟ್ಟುಕೊಟ್ಟಿದ್ದರೆ ಸಂಸಾರ ಆಗುತ್ತಿತ್ತು ಅಂತ ಇವತ್ತಿಗೂ ನೆಂಟರು ನನ್ನ ಮುಂದೆ ಲೊಚಗುಟ್ಟುತ್ತಾರೆ. ಆಗುತ್ತಿತ್ತು, ನಿಜ. ಹಾಗೆ ಆದ ಸಂಸಾರಗಳನ್ನು ನಾನೂ ಬೇಕಾದಷ್ಟು ನೋಡಿದ್ದೇನೆ. ಅತ್ತೆ ತೀರಿಕೊಂಡ ಮೇಲೆ ಅವಳು ಲಿಂ‌ಗಸುಗೂರಿನಲ್ಲೇ ಒಂದು ಕೋಣೆ ಹಿಡಿದು, ಎರಡು ಮಷೀನು ಇಟ್ಟುಕೊಂಡು ಸ್ವಂತ ಕ್ಲಾಸು ಶುರುಮಾಡಿದಳು. ಹಬ್ಬಕ್ಕೆ ಮಸ್ಕಿಗೆ ಬರುವಾಗಲೂ ಸೈಕಲ್ಲೇ. ಬಸ್ಸು ಹತ್ತಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿರುವಾಗ ಅವಳ ಹೊಟ್ಟೆಯಲ್ಲಿ ಗಡ್ಡೆಯಾಯಿತು. ಬಹಳ ದಿನ ಯಾರಿಗೂ ಹೇಳಿರಲಿಲ್ಲ. ಆಸ್ಪತ್ರೆಗೆ ಸೇರಿಸಿದ್ದಾರೆ ಅಂತ ಸುದ್ದಿ ಬಂದಾಗ ನಾನು ಹೋದೆ. ಮಂಚದ ತುಂಬ ಉದ್ದಕ್ಕೆ ಮಲಗಿದ್ದಳು, ಪಾದ ಮಂಚದಿಂದ ಹೊರಗೆ ಬಂದಿದ್ದವು. ಹೊಸ ನರ್ಸೊಬ್ಬಳು ಕಾಗದ ಹಿಡಿದು ಬಂದಳು. ಚಿಕ್ಕ ಹುಡುಗಿ.

"ಎಷ್ಟು ಹೆರಿಗೆ ಆಗ್ಯಾವಮ್ಮಾ?"

ಅಮರಮ್ಮ ನನ್ನ ಕಡೆ ನೋಡಿದಳು. "ಮಸ್ಕಿಯವರು ಒಂದು ಅಂತಾರ. ನೀ ಸೊನ್ನಿ ಬರಕೋ."

ನರ್ಸಿಗೆ ತಿಳಿಯಲಿಲ್ಲ. ನಾನು ನಕ್ಕೆ. ಅವಳೂ ನಕ್ಕಳು, ನಗುವಾಗ ಹೊಟ್ಟೆ ನೋಯುತ್ತದೆ ಅಂತ ಕೈ ಒತ್ತಿ ಹಿಡಿದುಕೊಂಡಳು. ಏನು ತಿನ್ನಬೇಕು ಅನಿಸುತ್ತದೆ ಅಂತ ಕೇಳಿದೆ. "ಏನೂ ಬ್ಯಾಡ. ಎಲ್ಲಿಗೂ ಹೋಗೋದಿಲ್ಲಲ್ಲ ಈಗ" ಅಂದಳು. ಹದಿನೈದು ದಿನಕ್ಕೆ ಹೋದಳು.

ಹೆಣವನ್ನು ಮಸ್ಕಿಗೆ ತಂದೆವು. ನಮ್ಮ ಪದ್ಧತಿಯಂತೆ ಗೋಡೆಗೆ ಆನಿಸಿ ಕೂಡಿಸಿ, ವಿಭೂತಿ ಹಚ್ಚಿ, ಹಾರ ಹಾಕಿದೆವು. ಬೆವರಿಲ್ಲದ ಹಣೆಯ ಮೇಲೆ ವಿಭೂತಿ ಪೂರ್ತಿ ನಿಂತಿತ್ತು. ಊರೆಲ್ಲ ಬಂದು ಕೂತಿತು. ಬಸಮ್ಮನಿಗೆ ಆಗಲೇ ವಯಸ್ಸಾಗಿತ್ತು, ಕೋಲು ಹಿಡಿದು ಬಂದಳು. ಅತ್ತಳು ಕೂಡ, ಸುಳ್ಳು ಅಳು ಅಲ್ಲ ಅದು. ಅತ್ತು ಕಣ್ಣು ಒರೆಸಿಕೊಂಡು ನನ್ನ ಪಕ್ಕಕ್ಕೆ ಸರಿದಳು. ಎತ್ತುವ ಹೊತ್ತಾಗಿತ್ತು, ಗಂಡಸರು ಹೊರಗೆ ಅವಸರ ಮಾಡುತ್ತಿದ್ದರು. ಬಸಮ್ಮ ನನ್ನ ಕಿವಿಯ ಹತ್ತಿರ ಬಾಯಿ ತಂದಳು.

"ಆ ಹುಡುಗ ಬಂದಿಲ್ಲೇನಬೇ? ಈಗರ ಬರಬೇಕಲ್ಲ, ಮಣ್ಣು ಹಾಕಾಕ?"

"ಬರಾಕತ್ತಾನ" ಅಂದೆ. "ಲಿಂಗಸುಗೂರಿಂದ, ಸೈಕಲ್ ಮ್ಯಾಲೆ. ದಾರಿ ನೋಡಕೋತ ಕುಂದರು."

ಬಸಮ್ಮ ಕೋಲು ಊರಿ ಎದ್ದು ಹೊಸ್ತಿಲಿಗೆ ಹೋದಳು. ಕಣ್ಣಿಗೆ ಕೈ ಅಡ್ಡ ಹಿಡಿದು ರಸ್ತೆಯ ಕಡೆ ನೋಡುತ್ತ ನಿಂತಳು.